ತಪ್ಪಿನ ಸಂಖ್ಯೆಯನ್ನು ಓದಿದ ಮೇಲೆ

ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ನಮ್ಮ ಹಿರೇನಲ್ಲೂರು ಹೋಬಳಿಯದೇ ಒಂದು ಸರ್ಕಾರಿ ಪ್ರೌಢಶಾಲೆ. ನಾನು ಓದಿದ ಶಾಲೆಯೂ ಅದೇ. ಗಣಿತ ನನ್ನ ಬೋಧನಾ ವಿಷಯ, 8ನೇ ತರಗತಿ ನನಗೆ ವಹಿಸಿದ ತರಗತಿ. ನನಗೆ ಗಣಿತ ಕಲಿಸಿದ ಮೇಷ್ಟ್ರೇ ಈಗ ಮಾರ್ಗದರ್ಶಕ ಶಿಕ್ಷಕರು. ಮನೆಯಿಂದಲೇ ಓಡಾಡುವ ಅನುಕೂಲ ಇದ್ದುದರಿಂದ ಪಾಠಯೋಜನೆ, ಘಟಕಯೋಜನೆ, ರೆಕಾರ್ಡ್ ಎಲ್ಲವನ್ನೂ ಮನೆಯ ಹಳೆಯ ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತಿದ್ದೆ. ಆ ಕಂಪ್ಯೂಟರು 2025ರ ಆಗಸ್ಟ್‌ನಲ್ಲಿ ಕೈಕೊಟ್ಟಿತು. ಬೋಧನಾಭ್ಯಾಸದ ಸಂಚಿಕೆಗೆ ಕಂಪ್ಯೂಟರ್ ರಿಪೇರಿಯ ಕಥೆ ಏಕೆ ಎಂದು ಓದುಗರು ಕೇಳಬಹುದು. ಆ ಒಂದು ವಾರ ಕಲಿತದ್ದರಲ್ಲಿ ಅರ್ಧ ಕಂಪ್ಯೂಟರಿಗೆ ಸೇರಿದ್ದು, ಉಳಿದರ್ಧ ತರಗತಿಗೆ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಆಗಸ್ಟ್ 17, ಭಾನುವಾರ ರಾತ್ರಿ. ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆಯ ರೆಕಾರ್ಡನ್ನು 23ನೇ ತಾರೀಖು ಕಾಲೇಜಿಗೆ ಒಪ್ಪಿಸಬೇಕಿತ್ತು. ಊಟ ಮುಗಿಸಿ ಕಂಪ್ಯೂಟರ್ ಹಚ್ಚಿದರೆ ನೀಲಿ ಪರದೆಯ ಮೇಲೆ ಒಂದೇ ಮಾತು: ಅಪ್‌ಡೇಟ್ ಪೂರ್ಣಗೊಳಿಸಲು ಆಗಲಿಲ್ಲ, ಬದಲಾವಣೆಗಳನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ, ಕಂಪ್ಯೂಟರ್ ಆರಿಸಬೇಡಿ. ಅರ್ಧ ಗಂಟೆ ಕಾದೆ, ಒಂದು ಗಂಟೆ ಕಾದೆ. ಚುಕ್ಕಿಗಳು ಸುತ್ತುತ್ತಲೇ ಇದ್ದವು. ಸಿಟ್ಟು ಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಮತ್ತೆ ಹಚ್ಚಿದೆ, ಮತ್ತೆ ಅದೇ. ಹೀಗೆ ಮೂರು ಸಲ. ಕೊನೆಗೆ ಹೇಗೋ ತೆರೆದುಕೊಂಡಿತು, ಆದರೆ ಮೂಲೆಯಲ್ಲಿ "ರೀಸ್ಟಾರ್ಟ್ ಮಾಡಿ" ಎಂಬ ಸೂಚನೆ ಹಾಗೇ ಕೂತಿತ್ತು. ಅಂದರೆ ನಾಳೆ ಮತ್ತೆ ಇದೇ ಪಾಡು.

ತಮ್ಮ ಬೀರೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದ. ಆ ಕಡೆಯಿಂದ ಬಂದ ಉತ್ತರ ಚಿಕ್ಕದು: "ತಂದುಬಿಡಿ, ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ತೀವಿ, ಸರಿಹೋಗುತ್ತೆ." ತಮ್ಮನಿಗೆ ಅದು ಸರಿ ಎನಿಸಿತು. ಒಳಗಿನಿಂದ ಅಮ್ಮ ಕೇಳಿದರು, "ಹೊಸದಾಗಿ ಅಂದ್ರೆ ನಮ್ಮ ಸಂಘದ ಲೆಕ್ಕ ಏನಾಗುತ್ತೆ?"

ಅಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು. ಹದಿನೆಂಟು ಮಂದಿಯ ಉಳಿತಾಯ, ಒಳಸಾಲ, ಬಡ್ಡಿ ಎಲ್ಲ ಆರು ವರ್ಷದಿಂದ ಈ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿದೆ. ಪುಸ್ತಕದಲ್ಲೂ ಬರೆಯುತ್ತಾರೆ, ಆದರೆ ಪುಸ್ತಕಕ್ಕೂ ಹಾಳೆಗೂ ತಾಳೆ ನೋಡಿಯೇ ಸಭೆಯಲ್ಲಿ ಓದುವುದು. "ಯಾರಾದ್ರೂ ನಂದು ಇಷ್ಟು ಕಟ್ಟಿದ್ದೆ ಅಂದ್ರೆ ನಾನೇನು ತೋರಿಸಲಿ?" ಎಂದರು. ಆ ಮಾತಿಗೆ ತಮ್ಮ ಸುಮ್ಮನಾದ.

ಸೋಮವಾರ ಸ್ಟಾಫ್ ರೂಮಿನಲ್ಲಿ ಇದನ್ನೇ ಹೇಳಿಕೊಂಡೆ. ಮೇಷ್ಟ್ರು ಪತ್ರಿಕೆ ತಿದ್ದುತ್ತಿದ್ದವರು ತಲೆ ಎತ್ತದೆ ಕೇಳಿದರು, "ಯಾವ ನಂಬರ್ ತೋರಿಸ್ತಮ್ಮ?"

"ನಂಬರ್ ನೋಡ್ಲಿಲ್ಲ ಸರ್."

"ಮತ್ತೆ ಮೂರು ಸಲ ಆಫ್ ಮಾಡಿ ಆನ್ ಮಾಡಿದ್ದು ಯಾಕೆ? ಏನು ತಪ್ಪಾಗಿದೆ ಅಂತ ಅದೇ ಬರೆದು ಕೊಡುತ್ತಲ್ಲ. ಮಕ್ಕಳ ಪತ್ರಿಕೇನೂ ಹಿಂಗೇ ನೋಡ್ತೀಯೇನು, ತಪ್ಪು ಅಂತ ಗೆರೆ ಎಳೆದು ಮುಂದಿನ ಪುಟ?"

ಅವರು ನಗುತ್ತಲೇ ಹೇಳಿದ್ದು. ನನಗೆ ಮಾತ್ರ ನಗು ಬರಲಿಲ್ಲ. ಅದಕ್ಕೊಂದು ಕಾರಣ ಇತ್ತು, ಇಲ್ಲಿ ಮುಚ್ಚಿಡದೆ ಬರೆಯುತ್ತೇನೆ.

23ಕ್ಕೆ ಒಪ್ಪಿಸಬೇಕಿದ್ದ ನೈದಾನಿಕ ಪರೀಕ್ಷೆಯ ರೆಕಾರ್ಡು ಆಗಲೇ ಮುಗಿದಿತ್ತು. ಆದರೆ ಪರೀಕ್ಷೆ ನಡೆದೇ ಇರಲಿಲ್ಲ. ಹಿಂದಿನ ಬ್ಯಾಚಿನ ಒಬ್ಬರ ಸಾಫ್ಟ್ ಕಾಪಿ ನನ್ನ ಬಳಿ ಇತ್ತು. ಅದರಲ್ಲಿದ್ದ ಮಕ್ಕಳ ಹೆಸರು ತೆಗೆದು ನಮ್ಮ ಹಾಜರಿ ಪುಸ್ತಕದ ಹೆಸರು ಹಾಕಿ, ಅಂಕಗಳನ್ನು ಅಲ್ಲಲ್ಲಿ ಬದಲಿಸಿದ್ದೆ. ಕೊನೆಯ ಸಾಲಿನ ಒಬ್ಬ ಹುಡುಗನ ಹೆಸರಿನ ಮುಂದೆ ಹೀಗೆ ಇತ್ತು: "ಭಾಗಾಕಾರದ ಪರಿಕಲ್ಪನೆಯೇ ಇಲ್ಲ. ಮೂಲದಿಂದ ಕಲಿಸಬೇಕು." ಆ ವಾಕ್ಯ ಬರೆದದ್ದು ನಾನಲ್ಲ. ಯಾವುದೋ ಊರಿನ ಯಾವುದೋ ಮಗುವಿನ ಬಗ್ಗೆ ಯಾರೋ ಬರೆದದ್ದು. ಈ ಹುಡುಗ ಗಣಿತದ ಕಿರುಪರೀಕ್ಷೆಯ ದಿನ ಹೊಟ್ಟೆನೋವು ಎಂದು ಶಾಲೆಗೇ ಬರುತ್ತಿರಲಿಲ್ಲ. ಆದ್ದರಿಂದ ಅವನಿಗೆ ಆ ಮಾತು ಹೊಂದುತ್ತದೆ ಎಂದು ನಾನೇ ತೀರ್ಮಾನ ಮಾಡಿದ್ದೆ.

ಸೋಮವಾರ ರಾತ್ರಿ ಮೊದಲು ಮಾಡಿದ ಕೆಲಸ ಅಮ್ಮನ ಲೆಕ್ಕ ಮತ್ತು ನನ್ನ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದದ್ದು. ತೆಗೆದದ್ದು ಸರಿಯಾಗಿದೆಯೇ ಎಂದು ಫೋನಿಗೆ ಸಿಕ್ಕಿಸಿ ನೋಡಿದೆ. ಅಮ್ಮನ ಹಾಳೆ ಚೆನ್ನಾಗಿ ತೆರೆಯಿತು. ನನ್ನ ರೆಕಾರ್ಡು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡಿತು. ಮೂಲ ಕಾಪಿ ನುಡಿಯ ಹಳೆಯ ಫಾಂಟಿನಲ್ಲಿದ್ದುದೇ ಕಾರಣ. ಯೂನಿಕೋಡ್ ಅಲ್ಲದ ಆ ಬರಹ ಫಾಂಟ್ ಇಲ್ಲದ ಕಡೆ ಕನ್ನಡವಾಗಿ ಕಾಣುವುದಿಲ್ಲ. ಅಂಗಡಿಯವರು ಹೇಳಿದಂತೆ ಫಾರ್ಮ್ಯಾಟ್ ಮಾಡಿಸಿದ್ದರೆ, ಫೈಲು ಉಳಿದಿದ್ದರೂ ನುಡಿಯನ್ನು ಮತ್ತೆ ಹಾಕಿಕೊಳ್ಳುವ ತನಕ ಓದಲು ಆಗುತ್ತಿರಲಿಲ್ಲ. ಹಳೆಯ ಪಾಠಯೋಜನೆಗಳನ್ನು ನುಡಿಯಲ್ಲಿ ಇಟ್ಟುಕೊಂಡಿರುವ ಗೆಳೆಯರು ಇದನ್ನು ಗಮನಿಸಬೇಕು.

ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಹಿಸ್ಟರಿ ತೆರೆದೆ. ನಮ್ಮದು ವಿಂಡೋಸ್ 10. ಅದಕ್ಕೆ ತಿಂಗಳ ಭದ್ರತಾ ಅಪ್‌ಡೇಟ್ ಬರುವುದು ಅಮೆರಿಕದ ಲೆಕ್ಕದಲ್ಲಿ ಪ್ರತಿ ತಿಂಗಳ ಎರಡನೇ ಮಂಗಳವಾರ, ಬೇಸಿಗೆಯಲ್ಲಿ ನಮ್ಮ ಗಡಿಯಾರದ ಪ್ರಕಾರ ಅದೇ ದಿನ ರಾತ್ರಿ ಹತ್ತೂವರೆಗೆ. ಆಗಸ್ಟ್ 12ರ ಅಪ್‌ಡೇಟು 13ರಿಂದಲೇ ಸೋಲುತ್ತಾ ಬಂದದ್ದು ಪಟ್ಟಿಯಲ್ಲಿ ಕಾಣಿಸಿತು. ಪ್ರತಿ ಸೋಲಿನ ಮುಂದೆಯೂ ಸೊನ್ನೆ ಎಕ್ಸ್ ಎಂದು ಶುರುವಾಗುವ ಒಂದು ಸಂಖ್ಯೆ: 80070070. ಹುಡುಕಿ ನೋಡಿದರೆ ಅದರ ಅರ್ಥ ಎಷ್ಟು ಸರಳ! ಡಿಸ್ಕಿನಲ್ಲಿ ಜಾಗ ಇಲ್ಲ. ನಮ್ಮದು 120 ಜಿಬಿ ಎಸ್‌ಎಸ್‌ಡಿ, ಅದರಲ್ಲಿ ಖಾಲಿ ಉಳಿದದ್ದು 3 ಜಿಬಿ. ಅಪ್‌ಡೇಟಿಗೆ ಇಳಿದ ಫೈಲನ್ನು ಬಿಚ್ಚಲು, ಹಳೆಯದನ್ನು ಹಿಂದಕ್ಕೆ ತರಬೇಕಾದರೆ ಇಟ್ಟುಕೊಳ್ಳಲು ಬೇರೆ ಜಾಗ ಬೇಕು. ಮನೆಯಲ್ಲಿ ಅಡಿಕೆ ಸುಲಿಯಲು ಕೂರುವಾಗ ಮೊದಲು ಅಂಗಳ ಖಾಲಿ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತಮ್ಮನ ಸಿನಿಮಾಗಳಿದ್ದವು. ಅವನ್ನು ಅವನ ಒಪ್ಪಿಗೆ ಪಡೆದೇ ಅಳಿಸಿದೆ. ಸ್ಟೋರೇಜ್ ವಿಭಾಗದಲ್ಲಿ ತಾತ್ಕಾಲಿಕ ಫೈಲುಗಳನ್ನು ತೆಗೆದೆ. 27 ಜಿಬಿ ಖಾಲಿಯಾಯಿತು.

ಸಮಸ್ಯೆ ಮುಗಿಯಿತು ಎಂದುಕೊಂಡೆ. ಮಂಗಳವಾರ ರಾತ್ರಿ ಮತ್ತೆ ಸೋತಿತು. ಆದರೆ ಈ ಸಲ ಸಂಖ್ಯೆ ಬೇರೆ: 80073712. ಮೊದಲು ಅಳು ಬಂದಂತಾಯಿತು, ಆಮೇಲೆ ಸ್ವಲ್ಪ ಸಮಾಧಾನವೂ ಆಯಿತು. ಸಂಖ್ಯೆ ಬದಲಾಗಿದೆ ಎಂದರೆ ಮೊದಲ ತೊಂದರೆ ನಿವಾರಣೆಯಾಗಿ, ಅದರ ಹಿಂದೆ ನಿಂತಿದ್ದ ಎರಡನೆಯದು ಈಗ ಕಾಣಿಸುತ್ತಿದೆ ಎಂದೇ ಅರ್ಥ. ಎರಡನ್ನೂ ಒಂದೇ "ಆಗಲಿಲ್ಲ" ಎಂದು ಓದಿದ್ದರೆ ಇದು ತಿಳಿಯುತ್ತಿರಲಿಲ್ಲ.

80073712ರ ಅರ್ಥ, ಅಪ್‌ಡೇಟಿಗೆ ಬೇಕಾದ ವಿಂಡೋಸ್‌ನ ಸ್ವಂತ ಉಗ್ರಾಣದಲ್ಲಿ ಕೆಲವು ಫೈಲು ಕೆಟ್ಟಿವೆ ಅಥವಾ ಕಾಣೆಯಾಗಿವೆ ಎಂದು. ಇಳಿಸಿಕೊಂಡ ಅಪ್‌ಡೇಟ್ ಫೈಲುಗಳು ಕೂರುವ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರನ್ನು ಖಾಲಿ ಮಾಡಿ ಮತ್ತೆ ಇಳಿಸಿ ನೋಡು ಎಂದು ಹಲವರು ಹೇಳುತ್ತಾರೆ. ಅದನ್ನೂ ಮಾಡಿದೆ, ಸಂಖ್ಯೆ ಬದಲಾಗಲಿಲ್ಲ. ಅಲ್ಲಿಗೆ ಕೆಟ್ಟಿರುವುದು ಇಳಿಸಿಕೊಂಡ ಫೈಲಲ್ಲ, ಮೊದಲಿಂದ ಒಳಗಿದ್ದದ್ದು ಎಂದಾಯಿತು. ಅದಕ್ಕೆ ವಿಂಡೋಸ್‌ನಲ್ಲೇ ಡಿಸ್ಮ್ ಎಂಬ ಸಾಧನ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅದರ ರೀಸ್ಟೋರ್ ಹೆಲ್ತ್ ಆಜ್ಞೆ ಕೊಟ್ಟರೆ, ಕೆಟ್ಟ ಫೈಲುಗಳನ್ನು ಮಾತ್ರ ಗುರುತಿಸಿ ಅಷ್ಟನ್ನೇ ಹೊಸದಾಗಿ ತರಿಸಿಕೊಳ್ಳುತ್ತದೆ. ಅದಾದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇದು ಪರಿಹಾರ ಬೋಧನೆ. ಅಂಗಡಿಯವರು ಹೇಳಿದ್ದು ಒಂದನೇ ತರಗತಿಯಿಂದ ಮತ್ತೆ ಶುರುಮಾಡುವ ದಾರಿ.

ಆದರೆ ಫೈಲು ಕೆಟ್ಟದ್ದಾದರೂ ಏಕೆ? ಬುಧವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಇವೆಂಟ್ ವ್ಯೂವರ್ ತೆರೆದು, ಕಂಪ್ಯೂಟರ್ ಹಠಾತ್ತಾಗಿ ಆರಿಹೋದ ಸಮಯಗಳನ್ನು ವೀಕ್ಷಣಾ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಹೀಗೆ ಆರಿದ್ದನ್ನು ಅದು ಕರ್ನಲ್ ಪವರ್ 41 ಎಂದು ಗುರುತು ಮಾಡಿಟ್ಟಿರುತ್ತದೆ. ಭಾನುವಾರದ ಮೂರು ಸಲ ನನ್ನದೇ ಕೈಚಳಕ. ಉಳಿದವು ಹೆಚ್ಚೂಕಡಿಮೆ ರಾತ್ರಿ ಹತ್ತರ ಆಸುಪಾಸು. ಅಪ್ಪ ಹಾಳೆ ನೋಡಿದ ಕೂಡಲೇ ಹೇಳಿದರು, "ಇದು ತ್ರೀಫೇಸ್ ಬರೋ ಹೊತ್ತು." ನಮ್ಮದು ತೋಟದ ಮನೆ, ಪಂಪ್‌ಸೆಟ್ಟಿನ ಲೈನಿನ ಮೇಲೇ ಇದೆ. ಆಗ ರಾತ್ರಿ ಪಾಳಿ ನಡೆಯುತ್ತಿತ್ತು. ಸಿಂಗಲ್ ಫೇಸಿನಿಂದ ತ್ರೀಫೇಸಿಗೆ ಬದಲಾಗುವಾಗ ಒಂದೆರಡು ನಿಮಿಷ ಕರೆಂಟು ಹೋಗಿ ಬರುತ್ತದೆ. ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ನಾನು ಊಟ ಮುಗಿಸಿ ಕೆಲಸಕ್ಕೆ ಕೂತು, ಕಂಪ್ಯೂಟರು ಅಪ್‌ಡೇಟ್ ಹಾಕಿಕೊಳ್ಳತೊಡಗಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಅಪ್ಪನಿಗೆ ಕಂಪ್ಯೂಟರ್ ಹಚ್ಚಲೂ ಬರುವುದಿಲ್ಲ. ಕಾರಣ ಹೇಳಿದವರು ಅವರೇ.

ಅದೇ ಬುಧವಾರ, ಆಗಸ್ಟ್ 20ರಂದು, ನಾನು ನಿಜವಾದ ನೈದಾನಿಕ ಪರೀಕ್ಷೆ ಕೊಟ್ಟೆ. ಭಾಗಾಕಾರ 8ನೇ ತರಗತಿಯ ಪಾಠವಲ್ಲ. ಆದರೆ ಸಮೀಕರಣಗಳನ್ನು ಬಿಡಿಸುವಾಗ ಕೊನೆಯ ಹಂತದಲ್ಲಿ ಬಹಳ ಮಕ್ಕಳು ಎಡವುತ್ತಿದ್ದುದು ಅಲ್ಲೇ. ಹತ್ತು ಲೆಕ್ಕ, ಒಂದೊಂದೂ ಒಂದೊಂದು ಮೆಟ್ಟಿಲು: ಶೇಷವಿಲ್ಲದ್ದು, ಶೇಷವಿರುವುದು, ಎರಡಂಕಿಯ ಭಾಜಕ, ಭಾಗಲಬ್ಧದ ನಡುವೆ ಸೊನ್ನೆ ಬರುವುದು, ಕೊನೆಗೆ ಸೊನ್ನೆ ಬರುವುದು. ಅಂಕ ಹೇಳುವುದಿಲ್ಲ, ಇದು ನಿಮ್ಮ ಪರೀಕ್ಷೆಯಲ್ಲ, ನನ್ನದು ಎಂದು ಮೊದಲೇ ಹೇಳಿದ್ದೆ. ಆ ಹುಡುಗ ಅಂದು ಬಂದಿದ್ದ.

ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ. 84ನ್ನು 4ರಿಂದ ಭಾಗಿಸಿದರೆ 21, ಸರಿ. 96ನ್ನು 4ರಿಂದ, 24, ಸರಿ. 735ನ್ನು 5ರಿಂದ, 147, ಸರಿ. 97ನ್ನು 4ರಿಂದ, 24, ಶೇಷ 1, ಸರಿ. 168ನ್ನು 12ರಿಂದ, 14, ಸರಿ. ಇನ್ನು ತಪ್ಪಿದವು: 618ನ್ನು 6ರಿಂದ ಭಾಗಿಸಿ 13 ಎಂದಿದ್ದ. 832ನ್ನು 8ರಿಂದ, 14. 3015ನ್ನು 5ರಿಂದ, 63. 2040ನ್ನು 4ರಿಂದ, 51. 1224ನ್ನು 12ರಿಂದ, 12.

ಹತ್ತಕ್ಕೆ ಐದು. ಅಂಕ ಮಾತ್ರ ನೋಡಿದ್ದರೆ "ಸಾಧಾರಣ" ಎಂದು ಬರೆದು ಮುಗಿಸಬಹುದಿತ್ತು. ಉತ್ತರಗಳನ್ನು ಓದಿದಾಗ ಕಂಡದ್ದು ಬೇರೆ. ತಪ್ಪಿದ ಐದೂ ಭಾಗಲಬ್ಧದಲ್ಲಿ ಸೊನ್ನೆ ಇರುವ ಲೆಕ್ಕಗಳು. ಐದರಲ್ಲೂ ಬಿಟ್ಟುಹೋದದ್ದು ಆ ಸೊನ್ನೆಯೊಂದೇ. ಮಗ್ಗಿ ಬರುತ್ತದೆ, ಕಳೆಯಲು ಬರುತ್ತದೆ, ಶೇಷ ಗೊತ್ತು, ಎರಡಂಕಿಯ ಭಾಜಕವೂ ಗೊತ್ತು. "ಭಾಗಾಕಾರದ ಪರಿಕಲ್ಪನೆಯೇ ಇಲ್ಲ" ಎಂದು ನಾನು ಬರೆದಿಟ್ಟಿದ್ದು ಇಂಥ ಹುಡುಗನ ಬಗ್ಗೆ. ಅವನೊಬ್ಬನೇ ಅಲ್ಲ, ಅಂದು ಹಾಜರಿದ್ದ 31 ಮಕ್ಕಳಲ್ಲಿ ಒಂಬತ್ತು ಜನರದ್ದು ಇದೇ ತಪ್ಪು. ನನ್ನ ನಕಲು ರೆಕಾರ್ಡಿನಲ್ಲಿ ಅವರಲ್ಲಿ ನಾಲ್ವರು "ಉತ್ತಮ" ಗುಂಪಿನಲ್ಲಿದ್ದರು!

ಗುರುವಾರ ಊಟದ ಬಿಡುವಿನಲ್ಲಿ ಅವನನ್ನು ಕರೆದು, ಲೆಕ್ಕವನ್ನು ಬಾಯಲ್ಲಿ ಹೇಳುತ್ತಾ ಮಾಡು ಎಂದೆ. "ಆರರಲ್ಲಿ ಆರು ಒಂದ್ಸಲ ಹೋಗುತ್ತೆ ಮಿಸ್. ಆಮೇಲೆ ಒಂದು ಇಳಿಸ್ಕೊಂಡೆ. ಒಂದ್ರಲ್ಲಿ ಆರು ಹೋಗಲ್ಲ. ಅದಕ್ಕೇ ಎಂಟನ್ನೂ ಇಳಿಸ್ಕೊಂಡೆ. ಹದಿನೆಂಟ್ರಲ್ಲಿ ಮೂರ್ಸಲ." ಎಲ್ಲ ಸರಿ. "ಹೋಗಲ್ಲ" ಎಂಬುದನ್ನು ಮೇಲೆ ಬರೆಯಬೇಕು ಎಂಬುದೊಂದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅಥವಾ ಹೇಳಿದ ದಿನ ಅವನು ಅಲ್ಲಿ ಇರಲಿಲ್ಲ.

ಆಗ ಲೆಕ್ಕ ಹಾಕಿದೆ. ಈಗ 8ನೇ ತರಗತಿಯಲ್ಲಿರುವ ಈ ಮಕ್ಕಳು 2020-21ರಲ್ಲಿ 3ನೇ ತರಗತಿ. ವಿದ್ಯಾಗಮದ ಪಾಠ 2020ರಲ್ಲಿ ಕೆಲವು ವಾರ ನಡೆದು ನಿಂತಿತು. ರಾಜ್ಯದಲ್ಲಿ 1ರಿಂದ 5ನೇ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಇವರು 4ನೇ ತರಗತಿಯ ನಡುವಿಗೆ ಬಂದಿದ್ದರು. ಭಾಗಾಕಾರ ಕಲಿಯುವ ಹೊತ್ತಿಗೇ ಕರೆಂಟು ಹೋಗಿತ್ತು. ಆಮೇಲೆ ಬಂದ ಪ್ರತಿ ವರ್ಷದ ಪಾಠವೂ, ಒಳಗೆ ಬಿಟ್ಟುಹೋದ ಒಂದು ತುಣುಕಿನ ಮೇಲೆಯೇ ಕೂರಲು ನೋಡಿ ಜಾರುತ್ತಾ ಬಂದಿತ್ತು.

ಅದೇ ಗುರುವಾರ ಸಂಜೆ ಅಪ್ಪನ ಸ್ಕೂಟರಿನಲ್ಲಿ ಸಿಪಿಯು, ಮಾನಿಟರ್ ಎಲ್ಲ ಹೊತ್ತು ಊರೊಳಗಿನ ಚಿಕ್ಕಮ್ಮನ ಮನೆಗೆ ಹೋದೆವು. ಊರಿನ ಲೈನು ಬೇರೆ, ಅಲ್ಲಿ ತ್ರೀಫೇಸಿನ ಕಾಟವಿಲ್ಲ. ಫೋನಿನ ಹಾಟ್‌ಸ್ಪಾಟ್ ಕೊಟ್ಟು ಡಿಸ್ಮ್ ಓಡಿಸಿದೆ. ಶೇಕಡಾ 62.3ಕ್ಕೆ ಬಂದು ನಿಂತುಬಿಟ್ಟಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅಲುಗಾಡಲಿಲ್ಲ. ಬಹಳ ಜನರಿಗೆ ಅದು ಅಲ್ಲೇ ನಿಲ್ಲುತ್ತದೆ, ಕಾಯಬೇಕು ಎಂದು ಓದಿದ್ದೆ. ಭಾನುವಾರದ ನಾನಾಗಿದ್ದರೆ ಸ್ವಿಚ್ ಆರಿಸುತ್ತಿದ್ದೆ. ಚಿಕ್ಕಮ್ಮ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದು ಮುಂದೆ ಹೋಯಿತು. ಆಮೇಲೆ ಎಸ್‌ಎಫ್‌ಸಿ, ಆಮೇಲೆ ಅಪ್‌ಡೇಟ್. ರಾತ್ರಿ ಹತ್ತೂವರೆಗೆ ಹಿಸ್ಟರಿಯಲ್ಲಿ ಮೊದಲ ಬಾರಿಗೆ "ಯಶಸ್ವಿ" ಎಂದು ಬಂತು. ಅಮ್ಮ ಅಲ್ಲೇ ನಿಂತು ಸಂಘದ ಹಾಳೆ ತೆಗೆಸಿ, ತಮ್ಮ ಸಾಲಿನ ಮೊತ್ತ ನೋಡಿಯೇ ಒಪ್ಪಿದರು.

ಶುಕ್ರವಾರದಿಂದ ಆ ಒಂಬತ್ತು ಮಕ್ಕಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಪರಿಹಾರ ಬೋಧನೆ. ಬೋಧನೋಪಕರಣ ರಟ್ಟಿನಲ್ಲಿ ಕತ್ತರಿಸಿದ ನೋಟುಗಳು: ಆರು ನೂರು, ಒಂದು ಹತ್ತು, ಎಂಟು ಒಂದು. 618 ರೂಪಾಯಿಯನ್ನು ಆರು ಜನ ಹಂಚಿಕೊಳ್ಳಬೇಕು. ನೂರರ ನೋಟು ತಲೆಗೊಂದು ಬಂತು. ಹತ್ತರ ನೋಟು ಒಂದೇ, ಆರು ಜನಕ್ಕೆ ಹೇಗೆ? "ಹತ್ತರ ನೋಟು ಒಬ್ಬೊಬ್ಬರಿಗೆ ಎಷ್ಟು ಬಂತು?" ಎಂದೆ. "ಒಂದೂ ಬರಲಿಲ್ಲ ಮಿಸ್." "ಒಂದೂ ಇಲ್ಲ ಅನ್ನೋದನ್ನ ಹೇಗೆ ಬರೀತೀರಿ?" ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬಳು ಸೊನ್ನೆ ಬರೆದಳು. ಹತ್ತನ್ನು ಚಿಲ್ಲರೆ ಮಾಡಿಸಿ ಹದಿನೆಂಟು ಒಂದುಗಳನ್ನು ಹಂಚಿದಾಗ ತಲೆಗೆ ಮೂರು. 103. ಆ ಹುಡುಗ ತನ್ನ ಹಳೆಯ ಪತ್ರಿಕೆ ತೆಗೆದು ನೋಡಿ, "ಹದಿಮೂರಾರ್ಲಿ ಎಪ್ಪತ್ತೆಂಟೇ ರೂಪಾಯಿ. ಮಿಕ್ಕ ದುಡ್ಡು ಎಲ್ಲೋಯ್ತು?" ಎಂದು ತಾನೇ ನಕ್ಕ. ಉತ್ತರ ಸರಿಯೇ ಎಂದು ತಾನೇ ಗುಣಿಸಿ ನೋಡುವುದನ್ನು ಅವನು ಕಲಿತದ್ದು ಅಂದು.

ಆಗಸ್ಟ್ 30ರಂದು ಅದೇ ಮೆಟ್ಟಿಲುಗಳ ಬೇರೆ ಹತ್ತು ಲೆಕ್ಕ ಕೊಟ್ಟೆ. ಅವನಿಗೆ ಒಂಬತ್ತು ಸರಿ. ಒಂಬತ್ತು ಮಕ್ಕಳಲ್ಲಿ ಏಳು ಜನ ಸುಧಾರಿಸಿದ್ದರು, ಇಬ್ಬರು ಕೊನೆಯ ಸೊನ್ನೆಯನ್ನು ಇನ್ನೂ ಬಿಡುತ್ತಾರೆ. ಸಮೀಕರಣಗಳಲ್ಲಿ ಅವನು ಇನ್ನೂ ಹಿಂದೆ ಇದ್ದಾನೆ. ಅಲ್ಲಿನ ತಪ್ಪಿನ ಸಂಖ್ಯೆ ಬೇರೆ ಇರಬೇಕು, ಅದನ್ನೂ ಓದಬೇಕು.

ಕಾಲೇಜಿನಲ್ಲಿ ಮೇಡಂ ಹತ್ತಿರ ಹೋಗಿ, ಮೊದಲು ಸಿದ್ಧ ಮಾಡಿದ್ದು ನಕಲು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ನಡೆದದ್ದನ್ನು ಬರೆದು ತನ್ನಿ" ಎಂದರು. ಸೆಪ್ಟೆಂಬರ್ 1ರಂದು ಒಪ್ಪಿಸಿದೆ. ತಡವಾದದ್ದಕ್ಕೆ ಅಂಕ ಹೋಯಿತು, ಹೋಗಬೇಕಾದದ್ದೇ.

ಮಕ್ಕಳು ಕಂಪ್ಯೂಟರಲ್ಲ ಎಂಬುದು ನನಗೂ ಗೊತ್ತು. ಕಂಪ್ಯೂಟರಿಗೆ ಸೋತರೆ ನಾಚಿಕೆಯಾಗುವುದಿಲ್ಲ, ಪರೀಕ್ಷೆಯ ದಿನ ಹೊಟ್ಟೆನೋವು ಬರುವುದಿಲ್ಲ. ಅದು ತನ್ನ ತಪ್ಪಿನ ಸಂಖ್ಯೆಯನ್ನು ತಾನೇ ಬರೆದಿಡುತ್ತದೆ. ಮಗುವಿನ ತಪ್ಪನ್ನು ಅದರ ಪಕ್ಕ ಕೂತು ಕೇಳಿಸಿಕೊಳ್ಳಬೇಕು. ಆದರೆ ಕ್ರಮ ಎರಡಕ್ಕೂ ಒಂದೇ ಎಂದು ತೋರಿತು. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡಿರುವ ಸಹಪಾಠಿಗಳಿಗೆ ಉಪಯೋಗವಾಗಲಿ ಎಂದು ಅದನ್ನು ಬರೆಯುತ್ತೇನೆ.

1. ಮೊದಲು ಇರುವುದನ್ನು ಕಾಪಾಡಿ. ಮುಖ್ಯ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದು, ಇನ್ನೊಂದು ಕಡೆ ತೆರೆದು ನೋಡಿ.
2. ಅಪ್‌ಡೇಟ್ ಹಿಸ್ಟರಿಯಲ್ಲಿ ತಪ್ಪಿನ ಸಂಖ್ಯೆಯನ್ನು ತಾರೀಖಿನೊಂದಿಗೆ ಬರೆದುಕೊಳ್ಳಿ.
3. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸಂಖ್ಯೆ ಬದಲಾಯಿತೇ ನೋಡಿ.
4. ಜಾಗ, ಕರೆಂಟು, ನೆಟ್‌ವರ್ಕ್ ಈ ಮೂರನ್ನು ಮೊದಲು ನೋಡಿ. ಆಜ್ಞೆಗಳು ಆಮೇಲೆ.
5. ಡಿಸ್ಮ್ ಮೊದಲು, ಎಸ್‌ಎಫ್‌ಸಿ ನಂತರ. ನಿಂತಂತೆ ಕಂಡರೆ ಕಾಯಿರಿ, ಸ್ವಿಚ್ ಆರಿಸಬೇಡಿ.
6. ಫಾರ್ಮ್ಯಾಟ್ ಕೊನೆಯ ದಾರಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಯಂತ್ರದಲ್ಲಿ ಟಿಪಿಎಂ 2.0 ಇಲ್ಲದ ಕಾರಣ ವಿಂಡೋಸ್ 11ಕ್ಕೆ ಅದು ಅರ್ಹವಲ್ಲ. ಹೆಸರು ನೋಂದಾಯಿಸಿ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶವಿದೆ. ನಾವು ಹಾಗೆ ಮಾಡಿಕೊಂಡಿದ್ದೇವೆ. ಯುಪಿಎಸ್ಸಿಗೆ ಹೊಸ ಬ್ಯಾಟರಿ ಬಂದಿದೆ.

ಮುಂದಿನ ಬ್ಯಾಚಿನವರು ನೈದಾನಿಕ ಪರೀಕ್ಷೆಯ ಸಾಫ್ಟ್ ಕಾಪಿ ಕೇಳತೊಡಗಿದ್ದಾರೆ. ಕೊಡುತ್ತೇನೆ, ಯೂನಿಕೋಡಿನಲ್ಲೇ ಇದೆ. ಪ್ರಶ್ನೆಪತ್ರಿಕೆ ಇರುತ್ತದೆ, ವಿಶ್ಲೇಷಣೆಯ ಕೋಷ್ಟಕ ಇರುತ್ತದೆ. ಮಕ್ಕಳ ಹೆಸರು ಮತ್ತು ಉತ್ತರಗಳ ಜಾಗ ಮಾತ್ರ ಖಾಲಿ ಇರುತ್ತದೆ.